ಬಸವನ ಕೊರಳಲ್ಲಿ ಬಸವನಹುಳು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಒಳದಾರಿ ಹಿಡಿದರೆ, ಹುಣಸೆ ಮರಗಳ ಆಚೆ ಆವಣಿಯ ಬೋಳುಬಂಡೆಯ ಬೆಟ್ಟ ಎದುರಾಗುತ್ತದೆ. ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಗುಂಪು, ಮೇಲೆ ಸೀತೆಯ ಗುಡಿ. ಲವಕುಶರು ಹುಟ್ಟಿದ್ದು ಇಲ್ಲಿಯೇ ಎಂದು ಸ್ಥಳಪುರಾಣ ಹೇಳುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ಈ ಊರಿಗೆ ಇನ್ನೊಂದು ಕಳೆ ಬರುತ್ತದೆ. ಅದು ದನಗಳ ಜಾತ್ರೆಯ ಕಳೆ.

ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುವವರು, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವವರು, ಧೂಳು, ಗಂಟೆಯ ಸದ್ದು. ನಡುವೆ ಎತ್ತಿನ ಅಲಂಕಾರದ ಅಂಗಡಿಗಳು. ಹಗ್ಗ, ಮೂಗುದಾರ, ಗೆಜ್ಜೆ ಮತ್ತು ಕೊಂಬಿಗೆ ಹಾಕುವ ಹಿತ್ತಾಳೆ ಅಣಸುಗಳ ಪಕ್ಕದಲ್ಲಿ ಬಿಳಿಯ ಕವಡೆಗಳನ್ನು ಒತ್ತಾಗಿ ಹೊಲಿದ ಕೊರಳಪಟ್ಟಿಗಳು ತೂಗುತ್ತಿದ್ದವು.

"ಗವ್ವಲ ಪಟ್ಟಿ ತಗೊಳ್ಳಿ ಸಾರ್, ಎತ್ತಿಗೆ ದೃಷ್ಟಿ ತಾಕಲ್ಲ" ಎಂದ ಅಂಗಡಿಯವನು. ಕನ್ನಡ, ತೆಲುಗು ಬೆರೆತ ಈ ಸೀಮೆಯಲ್ಲಿ ಕವಡೆಗೆ ಗವ್ವ ಎಂಬ ಹೆಸರೂ ಉಂಟು. ತಂದೆಯ ಜೊತೆ ನಿಂತಿದ್ದ ಶಾಲಾ ಹುಡುಗನೊಬ್ಬ ಪಟ್ಟಿಯನ್ನು ಮುಟ್ಟಿ ನೋಡಿ, "ಅಪ್ಪ, ಇದು ಯಾವ ಮರದ ಬೀಜ?" ಎಂದು ಕೇಳಿದ. "ಬೀಜ ಅಲ್ಲ ಕಣೋ, ಸಮುದ್ರದಲ್ಲಿ ಸಿಗೋ ಕಲ್ಲು" ಎಂದರು ತಂದೆ.

ಇಬ್ಬರನ್ನೂ ತಪ್ಪೆನ್ನುವಂತಿಲ್ಲ. ನಮ್ಮ ಮನೆಗಳಲ್ಲಿ ಚೌಕಾಬಾರ ಆಡಲು ಕವಡೆ ಸಿಗದಿದ್ದರೆ ಹುಣಸೆ ಬೀಜವನ್ನೇ ಉಜ್ಜಿ ಬಳಸುವುದುಂಟು. ಆವಣಿಯಿಂದ ಕಡಲಿಗೆ 200 ಕಿ.ಮೀ.ಗೂ ಹೆಚ್ಚು ದೂರ. ಆದರೆ ಕವಡೆ ಬೀಜವೂ ಅಲ್ಲ, ಕಲ್ಲೂ ಅಲ್ಲ. ಅದು ಒಂದು ಪ್ರಾಣಿ ಕಟ್ಟಿಕೊಂಡ ಮನೆ. ಆ ಪ್ರಾಣಿ ನಮ್ಮ ಕೆರೆಯಂಚಿನಲ್ಲಿ ತೆವಳುವ ಬಸವನಹುಳುವಿನ ದೂರದ ನೆಂಟ. ಕೊಂಬಿನಂತಹ ಎರಡು ಮೀಸೆಗಳನ್ನು ಕಂಡೇ ಅಲ್ಲವೆ ನಮ್ಮ ಹಿರಿಯರು ಅದನ್ನು ಬಸವನಹುಳು ಎಂದು ಕರೆದದ್ದು! ಹಾಗೆ ನೋಡಿದರೆ ಆವಣಿಯ ಜಾತ್ರೆಯಲ್ಲಿ ಬಸವನ ಕೊರಳಿಗೆ ಬಿದ್ದಿರುವುದು ಬಸವನಹುಳುವಿನ ಮಾಲೆ.

ಶಾಲೆಯ ಪುಸ್ತಕದ ಭಾಷೆಯಲ್ಲಿ ಇವೆರಡೂ ಮೃದ್ವಂಗಿಗಳು, ಅವುಗಳೊಳಗೆ ಉದರಪಾದಿಗಳ ವರ್ಗಕ್ಕೆ ಸೇರಿದವು. ಕವಡೆಗಳದ್ದೇ ಒಂದು ಪ್ರತ್ಯೇಕ ಕುಟುಂಬ. ಅದರಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಬೆಚ್ಚಗಿನ ಕಡಲುಗಳ ಹವಳದ ದಿಬ್ಬಗಳಲ್ಲಿ ಹಗಲು ಅಡಗಿದ್ದು, ರಾತ್ರಿ ಹೊರಬಂದು ಪಾಚಿಯನ್ನೋ ಸ್ಪಂಜನ್ನೋ ಮೇಯುತ್ತವೆ. ನಮ್ಮ ದೇಶದಲ್ಲಿ ಲಕ್ಷದ್ವೀಪ, ಅಂಡಮಾನ್-ನಿಕೋಬಾರ್, ಮನ್ನಾರ್ ಕೊಲ್ಲಿಗಳು ಇವುಗಳ ಬೀಡು.

ಕವಡೆಗೆ ಆ ಹೊಳಪು ಎಲ್ಲಿಂದ ಬಂತು? ಹುಳುವಿನ ಮೈಯ ಮೃದುವಾದ ಹೊದಿಕೆ ಎರಡು ಕಡೆಯಿಂದಲೂ ಮೇಲೆದ್ದು ಚಿಪ್ಪನ್ನು ಕಂಬಳಿಯಂತೆ ಮುಚ್ಚಿಕೊಳ್ಳುತ್ತದೆ. ಅದೇ ಹೊದಿಕೆ ಚಿಪ್ಪಿನ ಮೇಲೆ ಪದರ ಪದರವಾಗಿ ಹೊಳಪು ಬಳಿಯುತ್ತದೆ. ಮರಿಯಾಗಿದ್ದಾಗ ಚಿಪ್ಪು ತೆಳು, ಬಾಯಿ ಅಗಲ. ಬೆಳೆದಂತೆ ಅಂಚು ಒಳಕ್ಕೆ ಮಡಿಸಿಕೊಂಡು, ಹಲ್ಲುಗಳಿರುವ ಕಿರಿದಾದ ಸೀಳಾಗುತ್ತದೆ. ನಾವು ಚೌಕಾಬಾರದಲ್ಲಿ 'ಬಾಯಿ ಮೇಲೆ ಬಿತ್ತು' ಎನ್ನುವುದು ಇದನ್ನೇ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಕವಡೆಗಳನ್ನೆಲ್ಲ 'ಸಿಪ್ರಿಯಾ' ಎಂಬ ಒಂದೇ ಕುಲದಲ್ಲಿಟ್ಟ. ನಾಣ್ಯವಾಗಿ ಓಡಾಡುತ್ತಿದ್ದ ಪುಟ್ಟ ಹಳದಿ ಕವಡೆಗೆ ಹಣ ಎಂಬ ಅರ್ಥದ 'ಮೊನೆಟಾ' ಎಂದು ಹೆಸರಿಟ್ಟ. ಬೆನ್ನಿನ ಮೇಲೆ ಹೊನ್ನಿನ ಬಣ್ಣದ ಉಂಗುರವಿದ್ದದ್ದು 'ಅನ್ಯುಲಸ್', ಮಚ್ಚೆಯ ದೊಡ್ಡ ಕವಡೆ 'ಟೈಗ್ರಿಸ್', ಅರಬ್ಬಿ ಬರಹದಂತೆ ಗೆರೆ ಇದ್ದದ್ದು 'ಅರೇಬಿಕಾ'. ಮುಂದೆ ಬಂದವರು ಚಿಪ್ಪಿಗೆ ತೃಪ್ತರಾಗದೆ, ಒಳಗಿನ ಹುಳುವಿನ ನಾಲಿಗೆಯ ಮೇಲಿನ ಹಲ್ಲುಗಳನ್ನೂ ಹೊದಿಕೆಯ ಕುಚ್ಚುಗಳನ್ನೂ ನೋಡಿದರು. ಒಂದು ಕುಲ ಹಲವು ಕುಲಗಳಾಯಿತು. ಈಗ ಮೊನೆಟಾ, ಅನ್ಯುಲಸ್ ಎರಡೂ 'ಮೊನೆಟೇರಿಯಾ' ಕುಲದಲ್ಲಿವೆ. ಹಳೆಯ ಸಿಪ್ರಿಯಾದಲ್ಲಿ ಉಳಿದಿರುವುದು ಹುಲಿಗವಡೆ ಮತ್ತು ಅದರ ಹತ್ತಿರದ ಬಂಧು ಮಾತ್ರ. ಕ್ರಿಸ್ಟೊಫರ್ ಮೇಯರ್ ಮತ್ತು ಗುಸ್ತಾವ್ ಪಾಲೇ 2,000ಕ್ಕೂ ಹೆಚ್ಚು ಕವಡೆಹುಳುಗಳ ಡಿ.ಎನ್.ಎ. ಹೋಲಿಸಿ 2005ರಲ್ಲಿ ಒಂದು ಮಾತು ಹೇಳಿದರು. ಚೆನ್ನಾಗಿ ಅಧ್ಯಯನವಾದ ಗುಂಪಿನಲ್ಲಿ ಡಿ.ಎನ್.ಎ. ಸರಿಯಾಗಿ ಗುರುತು ಹಿಡಿಯುತ್ತದೆ, ಅರೆಬರೆ ತಿಳಿದ ಗುಂಪಿನಲ್ಲಿ ಎಡವುತ್ತದೆ. ಅಂದರೆ ತಾಳ್ಮೆಯಿಂದ ನೋಡುವ ಕಣ್ಣಿಗೆ ಇನ್ನೂ ಕೆಲಸವಿದೆ.

ಕವಡೆಯನ್ನು ನಾವು ಪ್ರಾಣಿಯೆಂದು ಮರೆತದ್ದು ಬಹುಶಃ ಅದು ಹಣವಾದ್ದರಿಂದ. 'ಲೀಲಾವತಿ'ಯ ಲೆಕ್ಕದಲ್ಲಿ 20 ಕವಡೆಗೆ ಒಂದು ಕಾಕಿಣಿ, 4 ಕಾಕಿಣಿಗೆ ಒಂದು ಪಣ, 16 ಪಣಕ್ಕೆ ಒಂದು ದ್ರಮ್ಮ. ಒಂದು ದ್ರಮ್ಮಕ್ಕೆ 1,280 ಕವಡೆ! 14ನೆಯ ಶತಮಾನದಲ್ಲಿ ಮಾಲ್ಡೀವ್ಸ್ ದ್ವೀಪಗಳಲ್ಲಿದ್ದ ಇಬ್ನ್ ಬತೂತ, ಅಲ್ಲಿಯವರು ಕವಡೆಗಳನ್ನು ಗುಂಡಿಯಲ್ಲಿ ಹಾಕಿ, ಮಾಂಸ ಕೊಳೆತು ಬಿಳಿ ಚಿಪ್ಪು ಉಳಿಯುವವರೆಗೆ ಬಿಡುತ್ತಿದ್ದರೆಂದು ಬರೆದಿದ್ದಾನೆ. ಚಿನ್ನ ತೆಗೆದ ನಾಡು ಕೋಲಾರ. ಇಲ್ಲಿಯೂ 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎಂಬ ಮಾತು ಉಳಿಯಿತು, ಹುಳು ಮಾತ್ರ ನೆನಪಿನಿಂದ ಹೋಯಿತು.

ಇದರಲ್ಲಿ ಮರುಗುವಂಥದ್ದೇನು ಎಂದು ಕೇಳಬಹುದು. ಕಡಲತೀರದ ಊರುಗಳಿಗೆ ಪ್ರವಾಸ ಹೋದಾಗ ಮಕ್ಕಳು ಬಣ್ಣದ ದೊಡ್ಡ ಕವಡೆಗೆ ಹಟ ಹಿಡಿಯುತ್ತಾರೆ. ಅಲೆಗೆ ಸಿಕ್ಕಿ ದಡಕ್ಕೆ ಬಂದ ಚಿಪ್ಪು ಉಜ್ಜಿ ಮಂಕಾಗಿರುತ್ತದೆ. ಕನ್ನಡಿಯಂತೆ ಹೊಳೆಯುವ ಕವಡೆಯನ್ನು ಸಾಮಾನ್ಯವಾಗಿ ಜೀವಂತ ಹಿಡಿದು ತಂದಿರುತ್ತಾರೆ. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಮೂರು ಬಗೆಯ ಕವಡೆಗಳು ಸೇರಿದವು. ಬೆನ್ನ ಮೇಲೆ ನಕಾಶೆಯಂತಹ ಗೆರೆಯಿರುವ 'ಮಾಪ್ಪಾ' ಅವುಗಳಲ್ಲೊಂದು. 200ಕ್ಕೂ ಹೆಚ್ಚು ಬಗೆಗಳ ನಡುವೆ ಆ ಮೂರನ್ನು ಗುರುತಿಸಲು ಬಾರದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ವರ್ಗೀಕರಣ ಎಂಬುದು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಹೆಸರುಗಳ ಪಟ್ಟಿಯಷ್ಟೇ ಅಲ್ಲ. ಹೆಸರಿಲ್ಲದ್ದನ್ನು ಉಳಿಸುವುದು ಕಷ್ಟ.

ಆವಣಿಯ ಅಂಗಡಿಯಲ್ಲಿ ಆ ಹುಡುಗನಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ. ಪಟ್ಟಿಗೆ ಹೊಲಿಯಲು ಬೆನ್ನು ಉಜ್ಜಿದ್ದ ಕವಡೆಗಳನ್ನು ಬಿಟ್ಟು, ಬುಟ್ಟಿಯಲ್ಲಿದ್ದ ಬಿಡಿ ಕವಡೆಗಳನ್ನು ಅವನ ಮುಂದೆ ಸುರಿದೆವು. ಅವನು ಒಂದೊಂದನ್ನೇ ತಿರುಗಿಸಿ ನೋಡಿದ. ಗಂಟುಗಂಟಾಗಿ ಹಳದಿಯಾಗಿದ್ದವನ್ನು ಒಂದು ಕಡೆ, ಉಂಗುರವಿದ್ದವನ್ನು ಇನ್ನೊಂದು ಕಡೆ ಇಟ್ಟ. "ಅಪ್ಪ, ಇದರಲ್ಲಿ ಎರಡು ಜಾತಿ ಇದೆ!" ಎಂದ. ಲಿನೇಯಸ್ ಶುರು ಮಾಡಿದ್ದೂ ಹೀಗೆಯೇ. ತಂದೆ ಎತ್ತಿನ ಬೆಲೆ ಕೇಳುವುದನ್ನು ಬಿಟ್ಟು ಮಗನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು.

ನಿಮ್ಮ ಮನೆಯ ಚೌಕಾಬಾರದ ಡಬ್ಬಿಯನ್ನೂ ಒಮ್ಮೆ ಹೀಗೆ ಸುರಿದು ನೋಡಿ.