ಪೆಟ್ರೋಲಿನ ವಿಸ್ತೀರ್ಣ

1
ಬೈಕು ಲೀಟರಿಗೆ 50 ಕಿಲೋಮೀಟರ್ ಕೊಡುತ್ತದೆ. ಲೀಟರ್ ಎಂದರೆ ಘನಗಾತ್ರ, ಕಿಲೋಮೀಟರ್ ಎಂದರೆ ಉದ್ದ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉಳಿಯುವುದು ವಿಸ್ತೀರ್ಣ: 0.02 ಚದರ ಮಿಲಿಮೀಟರ್. ಅಷ್ಟು ಅಡ್ಡಕೊಯ್ತದ ಪೆಟ್ರೋಲಿನ ಎಳೆಯನ್ನು ರಸ್ತೆಯುದ್ದಕ್ಕೂ ಹಾಸಿ, ಬೈಕು ಅದನ್ನು ಹೀರುತ್ತ ಹೋದರೆ ಲೆಕ್ಕ ಸರಿಹೋಗುತ್ತದೆ.

2
ಮಳೆಯೂ ಹೀಗೆಯೇ. ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಅದು 1 ಮಿಲಿಮೀಟರ್. ನೀರಿನ ಮೂರು ಆಯಾಮಗಳಲ್ಲಿ ಎರಡನ್ನು ನೆಲ ಇಟ್ಟುಕೊಂಡಿತು.

3
ನಟ್ಟು ಬಿಗಿಯುವ ಟಾರ್ಕ್‌ನ ಮಾನ ನ್ಯೂಟನ್-ಮೀಟರ್. ಶಕ್ತಿಯದೂ ನ್ಯೂಟನ್-ಮೀಟರೇ, ಆದರೆ ಅದನ್ನು ಜೂಲ್ ಎನ್ನುತ್ತಾರೆ. ಟಾರ್ಕನ್ನು ಹಾಗೆ ಕರೆಯುವುದಿಲ್ಲ. ಟಾರ್ಕನ್ನು ತಿರುಗಿದ ಕೋನದಿಂದ ಗುಣಿಸಿದರೆ ಆದ ಕೆಲಸ ಸಿಗುತ್ತದೆ, ಜೂಲ್‌ನಲ್ಲಿ. ಗುಣಿಸಿದ ರೇಡಿಯನ್ ಉತ್ತರದಲ್ಲಿ ಇರುವುದಿಲ್ಲ.

4
ರೇಡಿಯನ್: ಕಂಸದ ಉದ್ದ ಭಾಗಿಸು ತ್ರಿಜ್ಯದ ಉದ್ದ. 1960ರಲ್ಲಿ ಅದನ್ನು ‘ಪೂರಕ ಮಾನ’ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿಸಿದರು. ಆ ವರ್ಗದಲ್ಲಿ ಇದ್ದದ್ದು ಎರಡೇ ಮಾನ. 1995ರಲ್ಲಿ ವರ್ಗವನ್ನೇ ರದ್ದು ಮಾಡಿದರು.

5
ಹರ್ಟ್ಸ್ ಎಂದರೆ ‘ಸೆಕೆಂಡಿಗೆ ಇಷ್ಟು’. ವಿಕಿರಣಶೀಲತೆಯನ್ನು ಅಳೆಯುವ ಬೆಕ್ವೆರೆಲ್ ಎಂದರೂ ಅಷ್ಟೇ. ಆಕಾಶವಾಣಿಯವರು ತಮ್ಮ ಕಂಪನಾಂಕವನ್ನು ಬೆಕ್ವೆರೆಲ್‌ನಲ್ಲಿ ಹೇಳಿದರೆ ಕೇಳುಗರು ಊರು ಬಿಟ್ಟಾರು.

6
ಹಳೆಯ ಸ್ಥಾಯಿವಿದ್ಯುತ್ ಪದ್ಧತಿಯಲ್ಲಿ ಕೆಪಾಸಿಟರಿನ ಧಾರಕತೆಯನ್ನು ಸೆಂಟಿಮೀಟರಿನಲ್ಲಿ ಅಳೆಯುತ್ತಿದ್ದರು. ಒಂಟಿ ಗೋಳದ ಧಾರಕತೆ ಅದರ ತ್ರಿಜ್ಯ, ಅಷ್ಟೇ. ಭೂಮಿಯದು ಸುಮಾರು 64 ಕೋಟಿ ಸೆಂಟಿಮೀಟರ್. ಈಗಿನ ಲೆಕ್ಕದಲ್ಲಿ 700 ಮೈಕ್ರೊಫ್ಯಾರಡ್ ಚಿಲ್ಲರೆ. ರೇಡಿಯೊ ರಿಪೇರಿ ಅಂಗಡಿಯ ಡಬ್ಬಿಯಲ್ಲಿ 1000ದ್ದು ಸಿಗುತ್ತದೆ, ಬೆರಳ ತುದಿಯಷ್ಟು.

7
ಆ ಪದ್ಧತಿಯಲ್ಲಿ ತಂತಿಯ ರೋಧ ಎಂದರೆ ಸೆಂಟಿಮೀಟರಿಗೆ ಇಷ್ಟು ಸೆಕೆಂಡು. ಅದರ ಜೊತೆಗೇ ಇದ್ದ ವಿದ್ಯುತ್ಕಾಂತ ಪದ್ಧತಿಯಲ್ಲಿ ಸೆಕೆಂಡಿಗೆ ಇಷ್ಟು ಸೆಂಟಿಮೀಟರ್, ಅಂದರೆ ವೇಗ. ಒಂದು ಓಮ್ ಎಂದರೆ ಸೆಕೆಂಡಿಗೆ ಒಂದು ಕೋಟಿ ಮೀಟರ್. ಧ್ರುವದಿಂದ ಸಮಭಾಜಕಕ್ಕೆ ಇರುವ ದೂರ ಹೆಚ್ಚುಕಡಿಮೆ ಅಷ್ಟು.

ತಂತಿ ಎರಡರಲ್ಲೂ ಒಂದೇ.

8
1856ರಲ್ಲಿ ವೆಬರ್ ಮತ್ತು ಕೋಲ್‌ರೌಷ್ ಈ ಎರಡು ಪದ್ಧತಿಗಳ ವಿದ್ಯುದಂಶ ಮಾನಗಳ ನಡುವಿನ ಅನುಪಾತವನ್ನು ಪ್ರಯೋಗದಿಂದ ಅಳೆದರು. ಸಿಕ್ಕಿದ್ದು ಬೆಳಕಿನ ವೇಗಕ್ಕೆ ಹತ್ತಿರದ ಸಂಖ್ಯೆ. ಅವರ ಪ್ರಯೋಗದಲ್ಲಿ ಬೆಳಕಿಗೆ ಕೆಲಸವೇ ಇರಲಿಲ್ಲ.

9
137.036. ಎಲೆಕ್ಟ್ರಾನಿನ ವಿದ್ಯುದಂಶ, ಪ್ಲ್ಯಾಂಕ್ ಸ್ಥಿರಾಂಕ, ಬೆಳಕಿನ ವೇಗ ಸೇರಿ ಮಾನಗಳೆಲ್ಲ ಹೊಡೆದುಹೋದ ಮೇಲೆ ಉಳಿಯುವ ಸಂಖ್ಯೆಯ ವಿಲೋಮ. ಮೀಟರಿನಲ್ಲಿ ಲೆಕ್ಕ ಹಾಕಿದರೂ ಗಜದಲ್ಲಿ ಹಾಕಿದರೂ ಇದೇ. ಇದೇ ಏಕೆ ಎಂದು ಕೇಳಿದರೆ ಭೌತಶಾಸ್ತ್ರದ ಬಳಿ ಉತ್ತರವಿಲ್ಲ.

10
ಘರ್ಷಣಾಂಕಕ್ಕೂ ಆಯಾಮವಿಲ್ಲ. ಅದನ್ನು ಮಾತ್ರ ಪ್ರತಿ ಜೋಡಿಗೂ ಬೇರೆಬೇರೆ ಅಳೆಯಬೇಕು: ರಬ್ಬರಿಗೆ ಡಾಂಬರು, ಮರಕ್ಕೆ ಮರ, ಉಕ್ಕಿಗೆ ಉಕ್ಕು. ಎಣ್ಣೆ ಚೆಲ್ಲಿದರೆ ಮತ್ತೊಮ್ಮೆ.