ಸ್ಮಶಾನದ ನಲ್ಲಿ ನೀರು

ಫ್ರಾನ್ಸ್‌ಗೆ ಹೋಗಿದ್ದೆ ಅಂದ ತಕ್ಷಣ ಎಲ್ಲರೂ ಐಫೆಲ್ ಟವರ್ ಫೋಟೋ ಕೇಳ್ತಿದ್ದೀರಿ. ಅದನ್ನು ನೋಡಿದ್ದು ಹತ್ತು ನಿಮಿಷ. ಬರೀಬೇಕು ಅನ್ನಿಸಿದ್ದು ಲ್ವಾರ್ ನದಿ ಪಕ್ಕ ಸೈಕಲ್ ತುಳಿದ ಒಂದು ದಿನದ ಬಗ್ಗೆ.

ಅಕ್ಕನ ಮಗಳು ತೂರ್ ಪಟ್ಟಣದಲ್ಲಿ ಸ್ಕಾಲರ್‌ಶಿಪ್ ಮೇಲೆ ಓದ್ತಿದ್ದಾಳೆ. ಕೂಡಿಟ್ಟ ಗಳಿಕೆ ರಜೆ ಹಾಕಿ ಹೋಗಿದ್ದೆ. ಎರಡು ಬಾಡಿಗೆ ಸೈಕಲ್ ತಗೊಂಡು ಬೆಳಿಗ್ಗೇನೇ ಹೊರಟೆವು. ಅಲ್ಲಿ ನದಿಯುದ್ದಕ್ಕೂ ಸಮುದ್ರದವರೆಗೆ ಸುಮಾರು 900 ಕಿಲೋಮೀಟರ್ ಸೈಕಲ್ ಹಾದಿ ಇದೆ. ನಾವು ತುಳಿದದ್ದು 30 ಚಿಲ್ಲರೆ: ಶೇರ್ ಎಂಬ ಉಪನದಿ ಪಕ್ಕ ವಿಲಾಂದ್ರಿವರೆಗೆ, ಆಮೇಲೆ ಲ್ವಾರ್ ಏರಿ ಮೇಲೆ ಲಾಂಜೆ ಊರಿಗೆ. ಏರಿ ಅಂದ್ರೆ ನಮ್ಮ ಕೆರೆ ಏರಿ ಥರಾನೇ, ಪ್ರವಾಹ ತಡೆಯೋಕೆ ನೂರಾರು ವರ್ಷದಿಂದ ಕಟ್ಟಿಕೊಂಡು ಬಂದದ್ದು. ನದಿ ಅಗಲ, ನೀರು ಕಮ್ಮಿ, ನಡುವೆ ಮರಳು ದಿಬ್ಬಗಳು.

ಹಾದಿ ಹಳ್ಳಿಗಳ ಒಳಗೇ ಹೋಗುತ್ತೆ. ಚರ್ಚ್ ಮುಂದೆ, ಪಂಚಾಯ್ತಿ ಕಚೇರಿ ಮುಂದೆ, ಮನೆ ಬಾಗಿಲುಗಳ ಮುಂದೆ. ಮೊದಲ ಹಳ್ಳಿ ಬಂದಾಗ ನನ್ನ ಕಾಲು ತಾನಾಗೇ ನಿಧಾನ ಆಯ್ತು. ನಮ್ಮೂರಲ್ಲಿ ಮೇಲ್ಜಾತಿಯವರ ಬೀದಿ ಬಂದ್ರೆ ಅಪ್ಪ ಸೈಕಲ್ ಇಳಿದು, ಚಪ್ಪಲಿ ಕೈಗೆ ತಗೊಂಡು ತಳ್ಳಿಕೊಂಡು ಹೋಗ್ತಿದ್ದರು. ಹಿಂದಿನ ಕ್ಯಾರಿಯರ್ ಮೇಲೆ ಕೂತಿರ್ತಿದ್ದ ನಾನೂ ಇಳೀಬೇಕಿತ್ತು. ಇಲ್ಲಿ ಬಾಗಿಲಲ್ಲಿ ನಿಂತಿದ್ದ ಒಬ್ಬ ಅಜ್ಜಿ 'ಬೋಂಜೂರ್' ಅಂದರು. ನಾನೂ ಅಂದೆ, ಪೆಡಲ್ ತುಳಿದೆ. ಅಷ್ಟೇ.

ಮಧ್ಯಾಹ್ನ ಬಾಟಲಿ ಖಾಲಿ. ಹುಡುಗಿ ಸೀದಾ ಒಂದು ಸ್ಮಶಾನದ ಗೇಟು ತಳ್ಳಿದಳು. "ಮಾಮ, ಬನ್ನಿ, ಇಲ್ಲಿ ಸೈಕಲ್‌ನವರೆಲ್ಲ ನೀರು ತುಂಬ್ಕೊಳ್ಳೋದು ಇಲ್ಲೇ." ಸಮಾಧಿ ಮೇಲಿನ ಹೂಗಿಡಕ್ಕೆ ಹಾಕೋಕೆ ಗೋಡೆ ಪಕ್ಕ ನಲ್ಲಿ ಇರುತ್ತೆ. ಕುಡಿಯೋಕೆ ಆಗದ ನೀರಾದ್ರೆ ಬೋರ್ಡ್ ಹಾಕಿರ್ತಾರೆ. ಬೋರ್ಡ್ ಹೇಳೋದು ನೀರಿನ ಬಗ್ಗೆ, ಕುಡಿಯೋನ ಬಗ್ಗೆ ಅಲ್ಲ. ಬಾಬಾಸಾಹೇಬರು ಮಹಾಡ್ ಕೆರೆಗೆ ಇಳಿದದ್ದು 1927ರಲ್ಲಿ. ಅದಾದ ಇಷ್ಟು ವರ್ಷಕ್ಕೂ ಕುಡಿಯೋ ನೀರಿಗೆ, ಹೂಳೋ ಜಾಗಕ್ಕೆ ನಮ್ಮ ಕೇರಿಗಳ ಪರವಾಗಿ ನಾನು ಬರೆದುಕೊಟ್ಟ ಅರ್ಜಿ ಎಷ್ಟೋ. ಇಲ್ಲಿ ಎರಡೂ ಒಂದೇ ಗೇಟಿನೊಳಗೆ, ಬೀಗವಿಲ್ಲದೆ. ಎರಡು ಬಾಟಲಿ ತುಂಬಿಸಿಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತೆ.

ಅದು ಸ್ವರ್ಗ ಅಂತ ಹೇಳ್ತಿಲ್ಲ. ಕೋಟೆ ಅರಮನೆಗಳಿಗೆಂದು ಗುಡ್ಡದಿಂದ ಬಿಳಿಕಲ್ಲು ತೆಗೆದರಲ್ಲ, ಆ ಗವಿಗಳಲ್ಲಿ ಕೂಲಿಕಾರರು ಸಂಸಾರ ಮಾಡಿದ್ದಾರೆ. ಇದೇ ನದಿ ಸಮುದ್ರ ಸೇರೋ ಕಡೆ ಇರುವ ನಾಂತ್, 18ನೇ ಶತಮಾನದಲ್ಲಿ ಫ್ರಾನ್ಸಿನ ಅತಿ ದೊಡ್ಡ ಗುಲಾಮ ವ್ಯಾಪಾರದ ಬಂದರು. ಅದನ್ನ ಮುಚ್ಚಿಡದೆ 2012ರಲ್ಲಿ ನದಿ ದಂಡೆಯಲ್ಲೇ ಸ್ಮಾರಕ ಮಾಡಿದ್ದಾರೆ ಅನ್ನೋದೂ ನಿಜ.

ಇನ್ನೊಂದು. ಬಡವರು ಹೀಗೆ ಸುತ್ತಾಡೋದು ಅಲ್ಲೂ ಯಾರೋ ಕೊಟ್ಟ ಭಿಕ್ಷೆಯಲ್ಲ. 1936ರಲ್ಲಿ ಲಕ್ಷಾಂತರ ಕಾರ್ಮಿಕರು ಕಾರ್ಖಾನೆಗಳಲ್ಲೇ ಕೂತು ಮುಷ್ಕರ ಮಾಡಿದ ಮೇಲೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕಾನೂನಾಯ್ತು. ಆ ಬೇಸಿಗೆಯಲ್ಲೇ ಗಂಡ ಹೆಂಡತಿ ಇಬ್ಬರೂ ತುಳಿಯೋ ಜೋಡಿ ಸೈಕಲ್ ಹತ್ತಿ ಹಳ್ಳಿ, ನದಿ, ಸಮುದ್ರ ನೋಡೋಕೆ ಹೊರಟರು.

ನಮ್ಮ ಆಫೀಸ್ ಗುಡಿಸೋ ಗುತ್ತಿಗೆ ಅಕ್ಕನಿಗೆ ಒಂದು ದಿನ ಬರದಿದ್ರೆ ಆ ದಿನದ ಕೂಲಿ ಇಲ್ಲ. ಅವರಿಗೆ ಫೋಟೋ ತೋರಿಸಿದೆ. "ಅಷ್ಟು ದೂರ ತುಳಿದ್ರೆ ಮಂಡಿ ನೋವು ಬರಲಿಲ್ವಾ ಸಾರ್?" ಅಂದರು. ಬಂತು. ಎರಡು ದಿನ ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ.