ಬೊಂಬೆಯೂರಿನ ಲೇತಿನಲ್ಲಿ ಬಾಗಿಲ ಹಿಡಿ

ಮಾಗಡಿ, ಕನಕಪುರ ಸೀಮೆಯ ಹಳೆಯ ತೊಟ್ಟಿಮನೆಗಳಲ್ಲಿ ಬಾಗಿಲಿಗೆಂದು ಬೇರೆ ಹಿಡಿ ಇರುತ್ತಿದ್ದುದು ಕಡಿಮೆ. ಹೊರಗೆ ಕಬ್ಬಿಣದ ಸರಪಳಿ ಚಿಲಕ, ಒಳಗೆ ಗೋಡೆಯ ಗೂಡಿನಿಂದ ಸರಿದು ಬರುವ ಮರದ ಅಗಳಿ. ಬಾಗಿಲು ಎಳೆದುಕೊಳ್ಳಲು ಆ ಸರಪಳಿಯೇ ಸಾಕಿತ್ತು. ಉಳ್ಳವರ ಮನೆಯಲ್ಲಿ ಹಿತ್ತಾಳೆಯ ಬಳೆ ತೂಗುತ್ತಿತ್ತು. ಹಬ್ಬದ ಹಿಂದಿನ ದಿನ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ಮನೆಯ ಹುಡುಗರ ಪಾಲಿಗೆ. ಕಬ್ಬಿಣಕ್ಕೆ ಆಗೀಗ ನಾಲ್ಕು ಹನಿ ಎಣ್ಣೆ. ಅಷ್ಟಕ್ಕೇ ಅವು ಅಜ್ಜನಿಂದ ಮೊಮ್ಮಗನವರೆಗೆ ಬಾಳಿದವು.

ಪ್ಲೈವುಡ್ಡಿನ ಕಬೋರ್ಡು ಬಂದ ಮೇಲೆ ಲೆಕ್ಕವೇ ಬದಲಾಯಿತು. ರಾಮನಗರ 2007ರಲ್ಲಿ ಜಿಲ್ಲಾಕೇಂದ್ರವಾಯಿತು, ಬೆಂಗಳೂರು ಹತ್ತಿರ ಹತ್ತಿರ ಸರಿಯಿತು, ಸೈಟುಗಳಲ್ಲಿ ಮನೆಗಳೆದ್ದವು. ಅಡುಗೆಮನೆಯೊಂದಕ್ಕೇ ಇಪ್ಪತ್ತು ಹಿಡಿ ಬೇಕಾಗತೊಡಗಿತು. ಹಾರ್ಡ್‌ವೇರ್ ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಬಿಗಿದ ಮಾದರಿಗಳಲ್ಲಿ ಕಣ್ಣು ಮೊದಲು ಹೋಗುತ್ತಿದ್ದುದು ಕನ್ನಡಿಯಂತೆ ಹೊಳೆಯುವ ಕ್ರೋಮಿನ ಕಡೆಗೆ. ಅವುಗಳಲ್ಲಿ ಅಗ್ಗದವು ಸತುವಿನ ಮಿಶ್ರಲೋಹದ ಎರಕ. ಹೊಳಪೆಲ್ಲ ಮೇಲಿನ ತೆಳು ಲೇಪದ್ದು. ಬೆವರಿನ ಕೈ, ಒಗ್ಗರಣೆಯ ಜಿಡ್ಡು, ಒರೆಸುವ ಸೋಪು ಸೇರಿ ಲೇಪದಲ್ಲಿ ಒಂದು ಬಿರುಕು ಬಿಟ್ಟರೆ ಸಾಕು, ಅಲ್ಲಿಂದ ಪದರ ಏಳುತ್ತದೆ, ಎದ್ದ ಅಂಚು ಬೆರಳಿಗೆ ಚುಚ್ಚುತ್ತದೆ. ಸ್ಟೀಲು ಕೇಳಿದವರಿಗೂ ಸಿಕ್ಕಿದ್ದು ಒಂದೇ ಸ್ಟೀಲಲ್ಲ. 304 ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 202ರಲ್ಲಿ ನಿಕ್ಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್. ಹೊಸದರಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬಚ್ಚಲಮನೆಯ ತೇವದಲ್ಲಿ ವ್ಯತ್ಯಾಸ ಹೊರಬೀಳುತ್ತದೆ.

ರೇಷ್ಮೆ ಸಾಕುವವರಿಗೆ ಈ ಪಾಠ ಬೇಗ ಸಿಕ್ಕಿತು. ಹುಳು ಮನೆಯಲ್ಲಿ ಎಳೆಯ ಚಾಕಿ ಹುಳಕ್ಕೆ ಗಾಳಿಯ ತೇವಾಂಶ ಶೇಕಡಾ 80ರ ಮೇಲಿರಬೇಕು. ಒಂದು ಬೆಳೆ ಮುಗಿದರೆ ಇನ್ನೊಂದಕ್ಕೆ ಮೊದಲು ಬ್ಲೀಚಿಂಗ್ ಪುಡಿಯ ನೀರು ಹೊಡೆದು ಸೋಂಕು ಕಳೆಯಬೇಕು. ಅಂಥ ಕೋಣೆಯ ಬಾಗಿಲಿಗೆ ಕಬ್ಬಿಣದ ಹಿಡಿ ಹಾಕಿಸಿದರೆ ತುಕ್ಕಿನ ಪುಡಿ ಅಂಗೈಗೆ ಬರುತ್ತದೆ. ಸ್ಟೀಲೂ ಬ್ಲೀಚಿಂಗಿಗೆ ಅಷ್ಟಿಷ್ಟು ಜಗ್ಗುತ್ತದೆ. ಸಿಂಪಡಿಸಿದ ಮೇಲೆ ಬರಿ ನೀರಲ್ಲಿ ತೊಳೆದು ಒರೆಸಿದರೆ ಉಳಿಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತರ ಮನೆಗಳಲ್ಲಿ ಇದು ಬಾಗಿಲಿನ ಮಾತಲ್ಲ, ಬೆಳೆಯ ಮಾತು.

ಈ ಬದಲಾವಣೆಯನ್ನು ಇನ್ನೊಂದು ತುದಿಯಿಂದ ನೋಡಿದ್ದು ಬೊಂಬೆಯೂರು ಚನ್ನಪಟ್ಟಣ. ಮರ ಕಡೆದು ಅರಗು ಕೊಡುವುದು ಟಿಪ್ಪುವಿನ ಕಾಲಕ್ಕೆ ಹೋಗುವ ಕಸುಬು ಎಂದು ಊರು ನಂಬಿದೆ; ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದ ತಿಳಿವಳಿಕೆ ತಂದ ಬವಾಸ್ ಮಿಯಾನ್ ಅವರನ್ನು ಇಂದಿಗೂ ನೆನೆಯುತ್ತದೆ. ಮನೆಯ ಜಗಲಿಯಲ್ಲಿ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತ ಇನ್ನೊಂದರಲ್ಲಿ ಉಳಿ ಹಿಡಿದು ಕಡೆಯುತ್ತಿದ್ದವರನ್ನು ಕಂಡ ಹಿರಿಯರು ಈಗಲೂ ಇದ್ದಾರೆ. ಆಮೇಲೆ ಮೋಟಾರಿನ ಲೇತು ಬಂತು. ಕುಂಕುಮದ ಭರಣಿ, ಬುಗುರಿ, ತಲೆಯಾಡಿಸುವ ಬೊಂಬೆಗಳ ಜೊತೆಗೆ ಕಾರಿನ ಸೀಟಿಗೆ, ಬಾಗಿಲ ಪರದೆಗೆ ಪೋಣಿಸುವ ಮಣಿಗಳನ್ನೂ ಕಡೆದರು. ಎರಡು ಸಾವಿರದ ಇಸವಿಯ ನಂತರ ಚೀನಾದ ಪ್ಲಾಸ್ಟಿಕ್ ಆಟಿಕೆ ಸಂತೆ ಸಂತೆಗೂ ತುಂಬಿದಾಗ ಎಷ್ಟೋ ಲೇತುಗಳು ನಿಂತವು. 2005–06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಆದರೆ ಹೊಟ್ಟೆಗೆ ಬೇಕಾದದ್ದು ಕೆಲಸ. ಆ ಕೆಲಸದ ಒಂದು ಪಾಲು ದೊಡ್ಡವರ ಮನೆಯ ಸಾಮಾನಿನಿಂದ ಬಂತು: ದೀಪದ ಕಂಬ, ಕರ್ಟನ್ ಬಳೆ, ಬೀರು ಮತ್ತು ಡ್ರಾಯರಿನ ಗುಂಡು ಹಿಡಿ.

ಹಿಡಿ ಹುಟ್ಟುವುದನ್ನು ನಿಂತು ನೋಡಬೇಕು. ಆಲೆ ಮರದ ತುಂಡನ್ನು ತಿಂಗಳುಗಟ್ಟಲೆ ಒಣಗಿಸಿರುತ್ತಾರೆ. ಅದು ಹಾಲಿನಂತೆ ಬಿಳಿ, ಎಳೆ ನಯ. ಲೇತಿಗೆ ಸಿಕ್ಕಿಸಿ ಉಳಿ ಆನಿಸಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಹಾರಿ ಮೊಣಕೈವರೆಗೂ ಕೂರುತ್ತದೆ. ಗುಂಡು ರೂಪಕ್ಕೆ ಬಂದೊಡನೆ ಉಪ್ಪುಕಾಗದ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜಾಟದ ಕಾವಿಗೇ ಅರಗು ಕರಗಿ ಮರವನ್ನು ಸುತ್ತುತ್ತದೆ. ಮೊದಲಿಗೆ ಗೆರೆ ಗೆರೆಯಾಗಿ ಒರಟು. ಮೇಲೆ ಒಣಗಿದ ತಾಳೆಗರಿ ಹಿಡಿದ ಕ್ಷಣ ಆ ಗೆರೆಗಳೆಲ್ಲ ಕೂಡಿಕೊಂಡು ಹೊಳಪು ಏಳುತ್ತದೆ. ಇಷ್ಟು ಸುಂದರವಾದ ಕೆಲಸ ಇಷ್ಟು ಕಡಿಮೆ ಸದ್ದಿನಲ್ಲಿ ನಡೆಯುವ ಕಸುಬುಗಳು ಹೆಚ್ಚಿಲ್ಲ.

ಈ ಹಿಡಿ ಬಾಳಿಕೆ ಬರುತ್ತದೆಯೇ? ಬರುತ್ತದೆ, ಜಾಗ ನೋಡಿ ಹಾಕಿದರೆ. ಬಟ್ಟೆಯ ಬೀರು, ಪುಸ್ತಕದ ಕಪಾಟು, ದೇವರ ಮನೆಯ ಡ್ರಾಯರಿಗೆ ಇದಕ್ಕಿಂತ ಕಡಿಮೆ ಆರೈಕೆಯದು ಸಿಗುವುದು ಕಷ್ಟ. ಒಣಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ತುಕ್ಕಿಲ್ಲ, ಸಿಪ್ಪೆ ಏಳುವುದಿಲ್ಲ, ಮಾಸಿದರೆ ಅದೇ ಲೇತಿಗೆ ಹಾಕಿ ಮತ್ತೆ ಅರಗು ಕೊಡಬಹುದು. ಆದರೆ ಅರಗು ಸುಮಾರು 75 ಡಿಗ್ರಿಯ ಶಾಖಕ್ಕೆ ಮೆತ್ತಗಾಗುತ್ತದೆ, ನೀರು ನಿಂತರೆ ಬೆಳ್ಳಗೆ ಮಂಕಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕೊರೊನಾ ಕಾಲದಲ್ಲಿ ಹಿಡಿಗಳಿಗೆಲ್ಲ ಸ್ಯಾನಿಟೈಸರ್ ಹಚ್ಚಿದ ಮನೆಗಳಲ್ಲಿ ಇವು ಅಂಟಂಟಾದದ್ದು ಅದಕ್ಕೇ. ಒಲೆ, ಸಿಂಕು, ಬಚ್ಚಲಿಗೆ ಕೇಳಿದರೆ, “ಬೇಡಿ ಅಮ್ಮ, ಅಲ್ಲಿಗೆ ಸ್ಟೀಲೇ ಹಾಕ್ಸಿ” ಎನ್ನುವ ಕುಶಲಕರ್ಮಿಯಿಂದ ಕೊಳ್ಳುವುದು ಕ್ಷೇಮ.

ಕೊಳ್ಳುವಾಗ ಹಿಡಿಯನ್ನು ತಿರುಗಿಸಿ ಹಿಂಬದಿ ನೋಡಬೇಕು. ತೂತಿನಲ್ಲಿ ಹಿತ್ತಾಳೆಯ ಮರೆ ಕೂರಿಸಿದ್ದರೆ ಬೋಲ್ಟನ್ನು ಬಿಚ್ಚಿ ಹಾಕಿದರೂ ಹಿಡಿತ ಹೋಗುವುದಿಲ್ಲ. ಬರಿ ಮರಕ್ಕೆ ತಿರುಗಿಸಿದ್ದು ಕ್ರಮೇಣ ಸಡಿಲಾಗಿ ಕೈಯಲ್ಲೇ ಸುತ್ತುತ್ತದೆ. ಕಬೋರ್ಡಿನ ಬಾಗಿಲು ಸಾಮಾನ್ಯವಾಗಿ 18 ಮಿಲಿಮೀಟರ್ ದಪ್ಪ, ಅದಕ್ಕೆ 25 ಮಿಲಿಮೀಟರಿನ ಬೋಲ್ಟು ಹೊಂದುತ್ತದೆ. ಬುಡದ ಅಂಚಿನಲ್ಲಿ ಅರಗು ಬಿಟ್ಟು ಬಿಳಿ ಮರ ಇಣುಕುತ್ತಿದ್ದರೆ ಆ ಕಡೆಯಿಂದಲೇ ತೇವ ಒಳಹೊಗುತ್ತದೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ವಾಹನಗಳು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗತೊಡಗಿದವು. ಹಳೆಯ ರಸ್ತೆಯ ಬೊಂಬೆ ಅಂಗಡಿಗಳಿಗೆ ದಾರಿಹೋಕರ ವ್ಯಾಪಾರ ಇಳಿಯಿತು. ಬೊಂಬೆ ಕೊಳ್ಳುವವರು ಕಾರು ನಿಲ್ಲಿಸಿ ಬರುತ್ತಿದ್ದರು. ಆದರೆ ಹಿಡಿ ಬೇಕಾದವರು ಮನೆ ಕಟ್ಟುತ್ತಿರುವವರು. ಬಡಗಿ ಕೊಟ್ಟ ಅಳತೆಯ ಚೀಟಿ ಹಿಡಿದು, ಬೀರುವಿನ ಬಣ್ಣದ ಚೂರೊಂದನ್ನು ಜೇಬಿನಲ್ಲಿಟ್ಟುಕೊಂಡು, ಎಕ್ಸ್‌ಪ್ರೆಸ್‌ವೇ ಇಳಿದು ಊರೊಳಗೆ ಬರುತ್ತಾರೆ. ಅವರಿಗೆ ಒಂದಲ್ಲ, ಒಂದೇ ಅಳತೆಯ ನಲವತ್ತು ಬೇಕು. ಕೈಯಲ್ಲಿ ಕಡೆದದ್ದು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ ಎಂದು ಮೊದಲೇ ತಿಳಿಸಿ, ಎರಡು ಹೆಚ್ಚಿಗೆ ಕಡೆದುಕೊಡುವ ರೂಢಿ ಇಟ್ಟುಕೊಂಡ ಲೇತಿಗೆ ಅದೇ ಬಡಗಿ ಮುಂದಿನ ಮನೆಯವರನ್ನೂ ಕಳಿಸುತ್ತಾನೆ.